ಕೇಬಲ್ ಎಳೆಯುವವರು, ತುಂಡಾದಾಗ ಬರುವವರು

ಒಂದು ಸಣ್ಣ ಲೆಕ್ಕದಿಂದ ಶುರು ಮಾಡೋಣ. ಫೈಬರ್ ಒಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. 1,000 ಕಿಲೋಮೀಟರ್ ಹೋಗಿ ಬರಲು 10 ಮಿಲಿಸೆಕೆಂಡ್ ಸಾಕು. ಅಂದಮೇಲೆ ಜಯನಗರದ ಮನೆಯಿಂದ ಹೊರಟ ಪ್ಯಾಕೆಟ್, ಅಂದರೆ ಮಾಹಿತಿಯ ಒಂದು ಸಣ್ಣ ಕಟ್ಟು, ಮಲ್ಲೇಶ್ವರದ ಆಫೀಸನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಮುಟ್ಟಬೇಕು. ಆದರೆ ಈ ಶತಮಾನದ ಆರಂಭದಲ್ಲಿ, ಮನೆಗೆ ಒಂದು ಕಂಪನಿಯ ಇಂಟರ್ನೆಟ್, ಆಫೀಸಿಗೆ ಇನ್ನೊಂದು ಕಂಪನಿಯದು ಇದ್ದರೆ, ಆ ಪ್ಯಾಕೆಟ್ ಎಷ್ಟೋ ಸಲ ಅಮೆರಿಕಕ್ಕೆ ಹೋಗಿ, ಅಲ್ಲಿ ಒಂದು ಜಾಲದಿಂದ ಇನ್ನೊಂದಕ್ಕೆ ದಾಟಿ, ಮತ್ತೆ ಸಮುದ್ರ ದಾಟಿ ಬೆಂಗಳೂರಿಗೆ ಬರುತ್ತಿತ್ತು. ಉತ್ತರವೂ ಅದೇ ದಾರಿ. ಒಟ್ಟು ಅರ್ಧ ಸೆಕೆಂಡ್. ಎರಡೂ ಕಂಪನಿಗಳು ಆ ಪ್ರಯಾಣಕ್ಕೆ ಡಾಲರ್‌ನಲ್ಲಿ ದುಡ್ಡು ಕಟ್ಟುತ್ತಿದ್ದವು.

ಇದನ್ನು ತಪ್ಪಿಸಲು ಬೇಕಿದ್ದದ್ದು ಒಂದು ಕೋಣೆ, ಅದರಲ್ಲಿ ಜಾಲಗಳ ನಡುವೆ ಪ್ಯಾಕೆಟ್ ದಾಟಿಸುವ ಒಂದು ಸ್ವಿಚ್, ಎಲ್ಲ ಕಂಪನಿಗಳೂ ತಂತಮ್ಮ ಕೇಬಲ್ ತಂದು ಸಿಕ್ಕಿಸಲು ಒಪ್ಪಿಗೆ. ತಂತ್ರಜ್ಞಾನ ಹಳೆಯದೇ, ಖರ್ಚೂ ದೊಡ್ಡದಲ್ಲ. ಆ ಕೋಣೆಯನ್ನು ಯಾರು ಕಟ್ಟಬೇಕಿತ್ತು, ಸರ್ಕಾರವೋ ಮಾರುಕಟ್ಟೆಯೋ? ಈ ಪ್ರಶ್ನೆಯನ್ನು ಎರಡು ಪಕ್ಷಗಳ ಜಗಳದ ಹಾಗೆ ಕೇಳಿದರೆ ಉತ್ತರ ಸಿಗುವುದಿಲ್ಲ. ಜಾಲದ ಯಾವ ತುಂಡು, ಅದನ್ನು ಒಮ್ಮೆ ಹಾಕಿದರೆ ಎಷ್ಟು ಜನ ಹಂಚಿಕೊಳ್ಳಬಹುದು, ಹಾಳಾದ ರಾತ್ರಿ ಅದನ್ನು ಯಾರು ಸರಿಮಾಡುತ್ತಾರೆ ಎಂದು ಕೇಳಿದರೆ ಉತ್ತರ ಕಾಣತೊಡಗುತ್ತದೆ.

ಇಂಟರ್ನೆಟ್ ಹುಟ್ಟಿದ ಕಡೆಯಿಂದಲೇ ನೋಡಿ. ಇಂಟರ್ನೆಟ್‌ನ ಪೂರ್ವಜ ಅರ್ಪಾನೆಟ್ ಜಾಲದಲ್ಲಿ ಮೊದಲ ಸಂದೇಶ ಹೋದದ್ದು 29 ಅಕ್ಟೋಬರ್ 1969ರಂದು. ದುಡ್ಡು ಅಮೆರಿಕದ ರಕ್ಷಣಾ ಇಲಾಖೆಯದು, ಸೆಕೆಂಡಿಗೆ 50 ಕಿಲೋಬಿಟ್ ಸಾಗಿಸುವ ತಂತಿಗಳು ಎಟಿ ಅಂಡ್ ಟಿ ಕಂಪನಿಯಿಂದ ಬಾಡಿಗೆಗೆ ಪಡೆದವು. ಪ್ಯಾಕೆಟ್ ಜಾಲದಲ್ಲಿ ಆ ಕಂಪನಿಗೆ ನಂಬಿಕೆ ಇರಲಿಲ್ಲ. ಲಾಭದ ಲೆಕ್ಕ ಹಾಕುವವರು ಬಾರದ ಕಡೆ ಸರ್ಕಾರ ಹೋಯಿತು. ಆಮೇಲೆ ವಿಶ್ವವಿದ್ಯಾಲಯಗಳಿಗಾಗಿ ಎನ್‌ಎಸ್‌ಎಫ್‌ನೆಟ್ ಬಂತು: 1986ರಲ್ಲಿ 56 ಕಿಲೋಬಿಟ್, 1988ರಲ್ಲಿ 1.5 ಮೆಗಾಬಿಟ್, 1991ರ ಹೊತ್ತಿಗೆ 45 ಮೆಗಾಬಿಟ್. ಅದರ ಮೇಲೆ ವ್ಯಾಪಾರದ ಟ್ರಾಫಿಕ್ ಹಾಯುವಂತಿಲ್ಲ ಎಂಬ ನಿಯಮವಿತ್ತು. ಸಂಶೋಧನೆಯ ಹಣ ಸಂಶೋಧನೆಗೇ ಹೋಗಲಿ ಎಂಬುದು ಉದ್ದೇಶ. ಪರಿಣಾಮ ಬೇರೆಯೇ ಆಯಿತು. ವ್ಯಾಪಾರ ಮಾಡಬೇಕಾದವರು 1991ರಲ್ಲಿ ಜಾಲಗಳು ಸೇರುವ ತಮ್ಮದೇ ಒಂದು ವಿನಿಮಯ ಕೇಂದ್ರ ಕಟ್ಟಿಕೊಂಡರು.

ಅಮೆರಿಕದವರು ಹೊರಗೆ ಬಂದ ರೀತಿಯಲ್ಲಿ ಕಲಿಯಬೇಕಾದದ್ದಿದೆ. 30 ಏಪ್ರಿಲ್ 1995ರಂದು ಎನ್‌ಎಸ್‌ಎಫ್‌ನೆಟ್ ಎಂಬ ಆ ಬೆನ್ನೆಲುಬನ್ನು ನಿಲ್ಲಿಸಿದರು. ನಿಲ್ಲಿಸುವ ಮೊದಲು ನಾಲ್ಕು ಕಡೆ ಕೂಡುತಾಣಗಳನ್ನು ಏರ್ಪಡಿಸಿದರು, ಖಾಸಗಿ ಜಾಲಗಳು ಅಲ್ಲಿ ಒಂದನ್ನೊಂದು ಸೇರಲಿ ಎಂದು. ಪ್ರಾದೇಶಿಕ ಜಾಲಗಳಿಗೆ ಕೊಡುತ್ತಿದ್ದ ನೆರವನ್ನು ಒಂದೇ ಏಟಿಗೆ ಕಿತ್ತುಕೊಳ್ಳದೆ ನಾಲ್ಕು ವರ್ಷಗಳಲ್ಲಿ ಇಳಿಸುತ್ತಾ ಸೊನ್ನೆಗೆ ತಂದರು. ಸೇರುವ ಜಾಗ ಮೊದಲು, ಕೈಬಿಡುವುದು ಆಮೇಲೆ. ಈ ಕ್ರಮವನ್ನು ನೆನಪಿಟ್ಟುಕೊಳ್ಳಿ, ನಮ್ಮಲ್ಲಿ ಇದು ತಲೆಕೆಳಗಾಯಿತು.

ಭಾರತಕ್ಕೆ ಬರೋಣ. 1986ರಲ್ಲಿ ಎಲೆಕ್ಟ್ರಾನಿಕ್ಸ್ ಇಲಾಖೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ ಅರ್ನೆಟ್ ಎಂಬ ಶಿಕ್ಷಣ, ಸಂಶೋಧನೆಯ ಜಾಲ ಶುರು ಮಾಡಿತು. ಎಂಟು ಸಂಸ್ಥೆಗಳು: ಐದು ಐಐಟಿಗಳು, ನಮ್ಮ ಐಐಎಸ್‌ಸಿ, ಮುಂಬೈನ ಸಾಫ್ಟ್‌ವೇರ್ ಸಂಶೋಧನಾ ಕೇಂದ್ರ ಎನ್‌ಸಿಎಸ್‌ಟಿ, ದೆಹಲಿಯ ಇಲಾಖೆ. ದೆಹಲಿ–ಮುಂಬೈ ನಡುವೆ ಮೊದಲ 9.6 ಕಿಲೋಬಿಟ್ ಲೀಸ್ಡ್ ಲೈನ್ (ಬಾಡಿಗೆಗೆ ಪಡೆದ ಮೀಸಲು ತಂತಿ) ಬಂದದ್ದು 1991ರಲ್ಲಿ. 1992ಕ್ಕೆ ಎಂಟೂ ಕಡೆ ಜೋಡಣೆಯಾಗಿ, ಮುಂಬೈನಿಂದ ಅಮೆರಿಕಕ್ಕೆ 64 ಕಿಲೋಬಿಟ್ ಕೊಂಡಿ ಬಂತು. 1990ರಲ್ಲಿ ಅರ್ನೆಟ್‌ಗೆ ಸಿಕ್ಕ 144.16 ಎಂಬ ಇಂಟರ್ನೆಟ್ ವಿಳಾಸದ ಸಾಲು ಇವತ್ತಿಗೂ ಐಐಎಸ್‌ಸಿ ಕ್ಯಾಂಪಸ್‌ನ ಯಂತ್ರಗಳಲ್ಲಿ ಕಾಣುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಆ ಕಾಲದಲ್ಲಿ ಸರ್ಕಾರಗಳು ಬೆಂಬಲಿಸುತ್ತಿದ್ದ ಪ್ರೋಟೋಕಾಲ್ (ಕಂಪ್ಯೂಟರುಗಳು ಪರಸ್ಪರ ಮಾತಾಡುವ ನಿಯಮಗಳ ಕಟ್ಟು) ಓಎಸ್‌ಐ. ಅಮೆರಿಕ ಸರ್ಕಾರವೇ 1990ರಿಂದ ತನ್ನ ಖರೀದಿಗಳಲ್ಲಿ ಅದನ್ನು ಕಡ್ಡಾಯ ಮಾಡಿತ್ತು. ಅರ್ನೆಟ್ ಓಎಸ್‌ಐ ಮತ್ತು ಇವತ್ತಿನ ಇಂಟರ್ನೆಟ್ ನಡೆಯುವ ಟಿಸಿಪಿ/ಐಪಿ ಎರಡನ್ನೂ ಓಡಿಸಿತು. 1995ರ ಹೊತ್ತಿಗೆ ಟ್ರಾಫಿಕ್ ಬಹುತೇಕ ಟಿಸಿಪಿ/ಐಪಿಯಲ್ಲೇ ಹರಿಯುತ್ತಿತ್ತು. ಓಎಸ್‌ಐ ಇನ್ನೂ ಕಾಗದದಲ್ಲಿ ತಿದ್ದುಪಡಿಯಾಗುತ್ತಿದ್ದಾಗ ಟಿಸಿಪಿ/ಐಪಿಯ ಕೋಡ್ ಯೂನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಜೊತೆಗೇ ಕೈಗೆ ಸಿಗುತ್ತಿತ್ತು. ಇದನ್ನು ಮಾರುಕಟ್ಟೆಯ ಗೆಲುವು ಎಂದು ಬಹಳ ಜನ ಬರೆಯುತ್ತಾರೆ. ಆ ಕೋಡ್ ಬರೆಸಿದ್ದು ಕೂಡ ಸರ್ಕಾರದ ಹಣವೇ ಎಂಬುದನ್ನು ಮರೆಯಬಾರದು. ಆದೇಶ ಹೊರಡಿಸಿದ ಸರ್ಕಾರ ಸೋತಿತು, ಕೆಲಸಕ್ಕೆ ದುಡ್ಡು ಕೊಟ್ಟು ಫಲವನ್ನು ಎಲ್ಲರಿಗೂ ಬಿಟ್ಟ ಸರ್ಕಾರ ಗೆದ್ದಿತು.

ಸ್ವಲ್ಪ ಪಕ್ಕದ ದಾರಿಗೆ ಹೋಗುತ್ತೇನೆ. ಇದೇ ಮಾತಿಗೆ ನಮ್ಮ ಕಿತ್ತೂರು ಸಾಕ್ಷಿ. ಸರ್ಕಾರದ ಟೆಲಿಕಾಂ ಸಂಶೋಧನಾ ಸಂಸ್ಥೆ ಸಿ-ಡಾಟ್ ರೂಪಿಸಿದ 128 ಲೈನ್‌ಗಳ ಗ್ರಾಮೀಣ ಟೆಲಿಫೋನ್ ಎಕ್ಸ್‌ಚೇಂಜ್ ಮೊದಲು ನಿಂತದ್ದು 1986ರಲ್ಲಿ, ಚೆನ್ನಮ್ಮನ ಕಿತ್ತೂರಿನಲ್ಲಿ. ಆಗಿನ ದೊಡ್ಡ ಎಕ್ಸ್‌ಚೇಂಜ್‌ಗಳಿಗೆ ಎಸಿ ಇಲ್ಲದೆ ನಡೆಯುತ್ತಿರಲಿಲ್ಲ. ಇದು ಧೂಳು, ಸೆಕೆ ತಡೆದುಕೊಂಡು, ಎಸಿ ಇಲ್ಲದ ಕೋಣೆಯಲ್ಲಿ ನಡೆಯಬೇಕು ಎಂಬುದೇ ವಿನ್ಯಾಸದ ಷರತ್ತು. ಸಿ-ಡಾಟ್ ತಾನೇ ಕಾರ್ಖಾನೆ ಹಾಕಲಿಲ್ಲ, ವಿನ್ಯಾಸವನ್ನು ಹಲವು ತಯಾರಕರಿಗೆ ಕೊಟ್ಟಿತು. ಹಳ್ಳಿಗೆ ತಕ್ಕ ಯಂತ್ರ ಬೇಕು ಎಂದು ಯಾವ ವಿದೇಶಿ ಕಂಪನಿಗೂ ಅನ್ನಿಸಿರಲಿಲ್ಲ, ಏಕೆಂದರೆ ಅವರ ಗಿರಾಕಿಗಳು ಹಳ್ಳಿಯಲ್ಲಿರಲಿಲ್ಲ.

ಬೆಂಗಳೂರಿನ ಸಾಫ್ಟ್‌ವೇರ್ ಕಥೆಯೂ ಹೀಗೇ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿಗೆ ಬಂದಾಗ ಉಪಗ್ರಹದ ಡಿಶ್ ಎತ್ತಿನಗಾಡಿಯಲ್ಲಿ ಬಂದ ಚಿತ್ರ ನಿಮಗೆಲ್ಲ ಗೊತ್ತು. ಅಂಥ ಸ್ವಂತ ಕೊಂಡಿ ದೊಡ್ಡ ಕಂಪನಿಗೆ ಸಾಧ್ಯ, ಇಪ್ಪತ್ತು ಜನರ ಕಂಪನಿಗೆ ಅಸಾಧ್ಯ. 1991ರಲ್ಲಿ ಹುಟ್ಟಿದ ಎಸ್‌ಟಿಪಿಐ ಎಂಬ ಸರ್ಕಾರಿ ಸಂಸ್ಥೆ ಎಲೆಕ್ಟ್ರಾನಿಕ್ಸ್ ಸಿಟಿಯಲ್ಲಿ ಉಪಗ್ರಹ ಭೂಕೇಂದ್ರ ನಿಲ್ಲಿಸಿ, ಅಲ್ಲಿಂದ ಕಂಪನಿಗಳ ತಾರಸಿಗೆ ಮೈಕ್ರೋವೇವ್ ರೇಡಿಯೋ ಹಾಕಿ 64 ಕಿಲೋಬಿಟ್‌ನ ಕೊಂಡಿಗಳನ್ನು ಹಂಚಿತು. ನೆಲ ಅಗೆಯುವ ಪ್ರಶ್ನೆಯೇ ಇಲ್ಲ, ತಾಮ್ರದ ತಂತಿಗಾಗಿ ತಿಂಗಳುಗಟ್ಟಲೆ ಕಾಯುವುದಿಲ್ಲ. ಹಂಚಿಕೊಳ್ಳಬಹುದಾದ ದುಬಾರಿ ತುಂಡನ್ನು ಸರ್ಕಾರ ಹಾಕಿತು, ಅದರ ಮೇಲಿನ ವ್ಯಾಪಾರ ಕಂಪನಿಗಳದು.

ಇನ್ನು ಸಾಮಾನ್ಯ ಜನರ ಇಂಟರ್ನೆಟ್. 15 ಆಗಸ್ಟ್ 1995ರಂದು, ವಿದೇಶಿ ಕರೆಗಳನ್ನು ನೋಡಿಕೊಳ್ಳುತ್ತಿದ್ದ ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ಅದನ್ನು ತೆರೆಯಿತು. ಚಿತ್ರ ಕಾಣುವ ಟಿಸಿಪಿ/ಐಪಿ ಖಾತೆ ಬೇಕಿದ್ದರೆ 250 ಗಂಟೆಗೆ 15,000 ರೂಪಾಯಿ. ಗಂಟೆಗೆ 60 ರೂಪಾಯಿ, ಟೆಲಿಫೋನ್ ಬಿಲ್ ಬೇರೆ. ವೇಗ 9.6 ಕಿಲೋಬಿಟ್: ಒಂದು ಎಂಬಿಯ ಫೈಲ್ ಇಳಿಯಲು ಕಾಲು ಗಂಟೆ, ಅದೂ ಲೈನ್ ಮಧ್ಯದಲ್ಲಿ ಕಡಿಯದಿದ್ದರೆ. ವಿದ್ಯಾರ್ಥಿಗಳಿಗೆ ಬರೀ ಅಕ್ಷರ ಕಾಣುವ ಖಾತೆ 500 ರೂಪಾಯಿಗೆ ಸಿಗುತ್ತಿತ್ತು, ಅದೊಂದು ಒಳ್ಳೆಯ ನಿರ್ಧಾರ. ಒಬ್ಬನೇ ಮಾರಾಟಗಾರ ಇದ್ದಾಗ ಬೆಲೆ ಖರ್ಚಿಗೆ ತಕ್ಕಂತೆ ಇರಬೇಕಿಲ್ಲ, ಗಿರಾಕಿ ತಾಳಿಕೊಳ್ಳುವಷ್ಟು ಇದ್ದರಾಯಿತು.

1998ರ ನವೆಂಬರ್‌ನಲ್ಲಿ ಐಎಸ್‌ಪಿ, ಅಂದರೆ ಇಂಟರ್ನೆಟ್ ಸೇವೆ ಕೊಡುವ ಕಂಪನಿಗಳ ನೀತಿ ಬಂತು. ಎಷ್ಟು ಕಂಪನಿ ಬೇಕಾದರೂ ಬರಬಹುದು, ಮೊದಲ ಐದು ವರ್ಷ ಲೈಸೆನ್ಸ್ ಶುಲ್ಕವಿಲ್ಲ, ದರ ಅವರವರೇ ನಿಗದಿ ಮಾಡಬಹುದು. ಬೆಲೆ ಇಳಿಯಿತು, ಬೀದಿಬೀದಿಗೆ ಸೈಬರ್ ಕೆಫೆ ಬಂತು. ಇದನ್ನು ಉದಾರ ನೀತಿ ಎನ್ನಲು ಅಡ್ಡಿಯಿಲ್ಲ. ಆದರೆ ಮುಂಬಾಗಿಲು ತೆರೆದ ಸರ್ಕಾರ ಒಳಗಿನ ಎರಡು ಬಾಗಿಲುಗಳನ್ನು ತೆರೆಯಲಿಲ್ಲ.

ಮೊದಲನೆಯದು ಸಮುದ್ರದ ಕೇಬಲ್ ದಡಕ್ಕೆ ಬರುವ ಲ್ಯಾಂಡಿಂಗ್ ಸ್ಟೇಷನ್. ಕೇಬಲ್‌ನಲ್ಲಿ ನಿಮಗೆ ಪಾಲು ಇದ್ದರೂ, ಸ್ಟೇಷನ್ನಿನ ಒಳಗೆ ನಿಮ್ಮ ಉಪಕರಣ ಇಡಲು ಆ ಸ್ಟೇಷನ್ನಿನ ಯಜಮಾನ ಒಪ್ಪಬೇಕಿತ್ತು, ಕೇಳಿದ ಶುಲ್ಕ ಕಟ್ಟಬೇಕಿತ್ತು. ಆ ಯಜಮಾನ ನಿಮ್ಮ ಪ್ರತಿಸ್ಪರ್ಧಿಯೇ ಆಗಿದ್ದರೆ? ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್ ಈ ಪ್ರವೇಶಕ್ಕೆ ನಿಯಮ ಮಾಡಿದ್ದು 2007ರಲ್ಲಿ, ಶುಲ್ಕಕ್ಕೆ ಮಿತಿ ಹಾಕಲು ಹೊರಟದ್ದು 2012ರಲ್ಲಿ. ಈ ನಡುವೆ 2002ರಲ್ಲಿ ವಿಎಸ್‌ಎನ್‌ಎಲ್ ಟಾಟಾ ಸಮೂಹದ ಕೈಗೆ ಹೋಯಿತು. ಸರ್ಕಾರಿ ಏಕಸ್ವಾಮ್ಯದ ಕಾಲದಲ್ಲಿ ಕಟ್ಟಿದ ಸ್ಟೇಷನ್‌ಗಳೂ ಜೊತೆಗೇ ಹೋದವು, ಇತರರಿಗೆ ಪ್ರವೇಶ ಕೊಡುವ ನಿಯಮ ಮಾತ್ರ ಐದು ವರ್ಷ ತಡವಾಗಿ ಬಂತು. ಕೂಡುತಾಣ ಮೊದಲು, ಕೈಬಿಡುವುದು ಆಮೇಲೆ ಎಂದೆನಲ್ಲ, ಇಲ್ಲಿ ಅದು ಉಲ್ಟಾ. ಅದೇ 2002ರಲ್ಲಿ ಚೆನ್ನೈ–ಸಿಂಗಾಪುರ ನಡುವೆ ಖಾಸಗಿ ಕೇಬಲ್ ಒಂದು ಬಂದದ್ದರಿಂದ ಬೆಲೆಗಳ ಮೇಲೆ ಒತ್ತಡ ಬಿತ್ತು. ಇವತ್ತಿಗೂ ಈ ಕೇಬಲ್‌ಗಳು ದಡ ಸೇರುವುದು ಮುಖ್ಯವಾಗಿ ಮುಂಬೈ ಮತ್ತು ಚೆನ್ನೈಯಲ್ಲಿ. ಬೆಂಗಳೂರಿನ ವಿದೇಶಿ ಟ್ರಾಫಿಕ್ ಮೊದಲು ನೆಲದ ಮೇಲೆ ಅಷ್ಟು ದೂರ ಹೋಗಬೇಕು. ಹೊಸಕೋಟೆ ದಾಟಿ ಚೆನ್ನೈ ಹೆದ್ದಾರಿಯಲ್ಲಿ ಒಂದೇ ಗುಂಡಿ ಬಿದ್ದರೂ ಇಲ್ಲಿಯ ನೆಟ್ ನಿಧಾನವಾಗುವುದಕ್ಕೆ ಕಾರಣ ಇದೇ.

ಎರಡನೆಯ ಬಾಗಿಲು ಮನೆಗೆ ಬರುವ ತಾಮ್ರದ ಜೋಡಿ ತಂತಿ. 2004ರಲ್ಲಿ ಬ್ರಾಡ್‌ಬ್ಯಾಂಡ್ ನೀತಿ ಮಾಡುವಾಗ ದೇಶದಲ್ಲಿ ಸುಮಾರು 4 ಕೋಟಿ ತಾಮ್ರದ ಲೈನ್‌ಗಳಿದ್ದವು, ಹೆಚ್ಚೂಕಡಿಮೆ ಎಲ್ಲವೂ ಬಿಎಸ್‌ಎನ್‌ಎಲ್ ಮತ್ತು ಎಂಟಿಎನ್‌ಎಲ್‌ನವು. ಎಕ್ಸ್‌ಚೇಂಜಿನಿಂದ ಮೂರು ಕಿಲೋಮೀಟರ್ ಒಳಗಿನ ತಂತಿಯ ತುದಿಗೆ, ಫೋನ್ ತಂತಿಯಲ್ಲೇ ಇಂಟರ್ನೆಟ್ ಹಾಯಿಸುವ ಡಿಎಸ್‌ಎಲ್ ಪೆಟ್ಟಿಗೆ ಇಟ್ಟರೆ ಬ್ರಾಡ್‌ಬ್ಯಾಂಡ್ ತಯಾರು. ಬೇರೆ ಕಂಪನಿಗಳಿಗೂ ಈ ತಂತಿಯನ್ನು ಬಾಡಿಗೆಗೆ ಕೊಡಿಸಿ ಎಂದು ಟ್ರಾಯ್ ಶಿಫಾರಸು ಮಾಡಿತು. ಜಪಾನಿನಲ್ಲಿ ಹೀಗೆ ತೆರೆದ ತಾಮ್ರದ ಮೇಲೆಯೇ 2001ರಲ್ಲಿ 8 ಮೆಗಾಬಿಟ್ ಸೇವೆ ಅಗ್ಗದಲ್ಲಿ ಬಂದಿತ್ತು. ನಮ್ಮ ಸರ್ಕಾರ ಆ ಶಿಫಾರಸನ್ನು ಒಪ್ಪಲಿಲ್ಲ, ತನ್ನ ಕಂಪನಿಯ ಆಸ್ತಿಯನ್ನು ಕಾಪಾಡಿತು. ಬ್ರಾಡ್‌ಬ್ಯಾಂಡ್ ಅಂದರೆ 256 ಕಿಲೋಬಿಟ್ ಎಂದು ಬರೆದು, 2010ಕ್ಕೆ 2 ಕೋಟಿ ಸಂಪರ್ಕದ ಗುರಿ ಇಟ್ಟಿತು. 2010 ಮುಗಿಯುವಾಗ ಆದದ್ದು ಅದರ ಅರ್ಧದ ಆಸುಪಾಸು. ಕಾಪಾಡಿದ ತಾಮ್ರ ಕೊನೆಗೆ ಬಿಎಸ್‌ಎನ್‌ಎಲ್‌ಗೂ ದಕ್ಕಲಿಲ್ಲ. ಮಳೆನೀರು ಇಳಿದ ಜಾಯಿಂಟ್‌ಗಳಲ್ಲಿ ತುಕ್ಕು ಹಿಡಿದು, ಜನ ಮೊಬೈಲಿಗೆ ಹೋದರು. ಹತ್ತು ವರ್ಷ ಬಾಡಿಗೆ ದುಡಿಯಬಹುದಾಗಿದ್ದ ಆಸ್ತಿ ಮಣ್ಣಿನಲ್ಲಿ ಹಾಳಾಯಿತು. ನನ್ನ ಮಟ್ಟಿಗೆ ಈ ಕಥೆಯಲ್ಲೇ ಅತಿ ದೊಡ್ಡ ನಷ್ಟ ಇದು.

ಈಗ ಮೊದಲು ಹೇಳಿದ ಕೋಣೆಗೆ ಬರೋಣ. 2003ರಲ್ಲಿ ಸರ್ಕಾರದ ಮುಂದಾಳತ್ವದಲ್ಲಿ ನಿಕ್ಸಿ ಎಂಬ ಲಾಭರಹಿತ ಸಂಸ್ಥೆ ಹುಟ್ಟಿತು. ಅದರ ವಿನಿಮಯ ಕೇಂದ್ರಗಳು ನೊಯ್ಡಾ, ಮುಂಬೈ, ಚೆನ್ನೈ, ಕೋಲ್ಕತ್ತಾಗಳಲ್ಲಿ ಮೊದಲು, ಬೆಂಗಳೂರಿಗೆ ನಂತರ. ಐಎಸ್‌ಪಿಗಳು ಪರಸ್ಪರ ನಂಬದ ಕಾಲದಲ್ಲಿ ಎಲ್ಲರಿಗೂ ಒಪ್ಪಿಗೆಯಾಗುವ ಮೂರನೆಯವನು ಬೇಕಿತ್ತು, ಆ ಕೆಲಸ ಸರ್ಕಾರ ಸರಿಯಾಗಿಯೇ ಮಾಡಿತು. ಎಡವಿದ್ದು ನಿಯಮಗಳಲ್ಲಿ. ಒಂದು, ಲೈಸೆನ್ಸ್ ಇರುವ ಐಎಸ್‌ಪಿಗಳಷ್ಟೇ ಸೇರಬಹುದು ಎಂದು ಬಹುಕಾಲ ಇತ್ತು. ಜನ ನೋಡುವ ವಿಡಿಯೋ, ಹುಡುಕಾಟ, ಮೇಲ್ ಇವನ್ನೆಲ್ಲ ಕೊಡುವವರು ಐಎಸ್‌ಪಿಗಳಲ್ಲ, ಅವರು ಹೊರಗುಳಿದರು. ಎರಡು, ಕಳಿಸಿದ್ದಕ್ಕಿಂತ ಹೆಚ್ಚು ಪಡೆದವನು, ಆ ವ್ಯತ್ಯಾಸಕ್ಕೆ ಜಿಬಿ ಲೆಕ್ಕದಲ್ಲಿ ದುಡ್ಡು ಕೊಡಬೇಕಿತ್ತು. ಮನೆಗಳಿಗೆ ಸಂಪರ್ಕ ಕೊಡುವ ಐಎಸ್‌ಪಿ ಯಾವಾಗಲೂ ಪಡೆಯುವವನೇ. ಗಿರಾಕಿ ಹೆಚ್ಚಿದಷ್ಟೂ ನಿಕ್ಸಿ ಬಿಲ್ ಏರುತ್ತಿತ್ತು. ಹಾಗಾಗಿ ಅವನು ಅಲ್ಲಿ ಕಡಿಮೆ ಟ್ರಾಫಿಕ್ ಹಾಯಿಸಿ, ದೊಡ್ಡ ಜಾಲಗಳ ಜೊತೆ ಹೊರಗೇ ನೇರ ಒಪ್ಪಂದ ಮಾಡಿಕೊಳ್ಳುತ್ತಿದ್ದ.

ಮುಂಬೈಯಲ್ಲಿ ಖಾಸಗಿ ವಿನಿಮಯ ಕೇಂದ್ರಗಳು ಬಂದಾಗ ಅವರು ಮಾಡಿದ್ದು ಸರಳ. ಪೋರ್ಟಿಗೆ ತಿಂಗಳ ಬಾಡಿಗೆ ಕೊಡಿ, ಎಷ್ಟು ಬೇಕೋ ಅಷ್ಟು ಹಾಯಿಸಿ, ವಿಡಿಯೋ ಕಂಪನಿಯಾದರೂ ಬನ್ನಿ, ಡೇಟಾ ಸೆಂಟರ್ ಆದರೂ ಬನ್ನಿ. ಕೆಲವೇ ವರ್ಷಗಳಲ್ಲಿ ಟ್ರಾಫಿಕ್ ಅತ್ತ ಸರಿಯಿತು. ಸ್ವಿಚ್ ಎರಡೂ ಕಡೆ ಒಂದೇ ಬಗೆಯದು. ವ್ಯತ್ಯಾಸ ಇದ್ದದ್ದು ಬಾಗಿಲಲ್ಲಿ ಯಾರನ್ನು ಬಿಡುತ್ತಾರೆ, ಯಾವುದಕ್ಕೆ ದುಡ್ಡು ಕೇಳುತ್ತಾರೆ ಎಂಬ ಎರಡು ಸಾಲುಗಳಲ್ಲಿ. ಆದರೂ ಒಂದು ಮಾತು: ಖಾಸಗಿಯವರು ಮುಂಬೈಗೆ ಮೊದಲು ಹೋದರು, ಏಕೆಂದರೆ ಕೇಬಲ್‌ಗಳು ಅಲ್ಲಿವೆ. ಲಾಭ ಕಾಣದ ಸಣ್ಣ ಊರಿಗೆ ಅವರು ತಾವಾಗಿ ಬರುವುದಿಲ್ಲ.

ಏಕೆ ಬರುವುದಿಲ್ಲ ಎಂಬುದನ್ನು ಒಂದು ಕಾಲ್ಪನಿಕ ಲೆಕ್ಕದಲ್ಲಿ ನೋಡಿ. 200 ಮನೆಗಳ ಹಳ್ಳಿ, ಹತ್ತಿರದ ಫೈಬರ್ 8 ಕಿಲೋಮೀಟರ್ ದೂರ. ನೆಲ ತೋಡಿ ಡಕ್ಟ್ (ಕೇಬಲ್ ಹಾಯುವ ಕೊಳವೆ) ಹಾಕಲು ಕಿಲೋಮೀಟರಿಗೆ 4 ಲಕ್ಷ ಎಂದುಕೊಳ್ಳಿ, ಒಟ್ಟು 32 ಲಕ್ಷ. 40 ಮನೆಯವರು ತಿಂಗಳಿಗೆ 400 ರೂಪಾಯಿಯ ಸಂಪರ್ಕ ತೆಗೆದುಕೊಂಡರೆ ವರ್ಷಕ್ಕೆ 1.92 ಲಕ್ಷ. ಕರೆಂಟು, ದುರಸ್ತಿ, ಬಡ್ಡಿ ಯಾವುದೂ ಲೆಕ್ಕಕ್ಕೆ ಇಲ್ಲದೆಯೇ ಹಾಕಿದ ದುಡ್ಡು ಬರಲು ಹದಿನಾರು ವರ್ಷ ದಾಟುತ್ತದೆ. ಅದೇ ಫೈಬರನ್ನು ಕರೆಂಟು ಕಂಬದ ಮೇಲೆ ಎಳೆದು, ಕಿಲೋಮೀಟರಿಗೆ 50 ಸಾವಿರದಲ್ಲಿ ಮುಗಿಸಿದರೆ ಎರಡು ವರ್ಷ. ಕೇಬಲ್ ಟಿವಿಯವರು ಕಂಬ, ಮರ ಹಿಡಿದು ಬಂದದ್ದು ಈ ಲೆಕ್ಕದಿಂದಲೇ. ಬೆಂಗಳೂರಿನ ಬೀದಿಗಳಲ್ಲಿ ನೇತಾಡುವ ಕಪ್ಪು ಸುರುಳಿಗಳಿಗೂ ಇದೇ ಕಾರಣ, ಅದಕ್ಕೆ ರಸ್ತೆ ಅಗೆತದ ಅನುಮತಿ ಮತ್ತು ಶುಲ್ಕದ ಭಾರವೂ ಸೇರಿದೆ. ಒಂದೇ ರಸ್ತೆಯಲ್ಲಿ ಐದು ಕಂಪನಿ ಐದು ಸಲ ಅಗೆಯುವ ಬದಲು, ರಸ್ತೆ ಮಾಡುವಾಗಲೇ ಒಂದು ಡಕ್ಟ್ ಹಾಕಿ ಬಾಡಿಗೆಗೆ ಕೊಡುವುದು ನಗರಸಭೆಗೆ ಮಾತ್ರ ಸಾಧ್ಯವಾದ ಕೆಲಸ. ಮಾರುಕಟ್ಟೆಗೆ ಆ ಅಧಿಕಾರವೇ ಇಲ್ಲ.

ಆ ಹದಿನಾರು ವರ್ಷಗಳ ಅಂತರವನ್ನು ತುಂಬಲೆಂದೇ ಟೆಲಿಕಾಂ ಕಂಪನಿಗಳ ಆದಾಯದಲ್ಲಿ 5 ಶೇಕಡಾ ತೆಗೆದಿಡುವ ನಿಧಿ ಇದೆ. 2011ರ ಅಕ್ಟೋಬರ್‌ನಲ್ಲಿ, ಇವತ್ತು ನಾವು ಭಾರತ್‌ನೆಟ್ ಎನ್ನುವ ಯೋಜನೆಗೆ ಒಪ್ಪಿಗೆ ಸಿಕ್ಕಿತು: 2.5 ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಫೈಬರ್, ತಲಾ 100 ಮೆಗಾಬಿಟ್, ಅಂದಾಜು 20,000 ಕೋಟಿ ರೂಪಾಯಿ. ಮೊದಲ ಒಂದು ಲಕ್ಷ ಪಂಚಾಯಿತಿ ಮುಗಿದದ್ದು 2017ರ ಡಿಸೆಂಬರ್‌ನಲ್ಲಿ. ನಿಧಾನವಾಯಿತು ಎಂದು ಎಲ್ಲರೂ ಹೇಳುತ್ತಾರೆ. ನನಗೆ ಅದಕ್ಕಿಂತ ಮುಖ್ಯ, ಹಾಕಿದ ಲೈನ್ ಏಕೆ ಸತ್ತಿತು ಎಂಬುದು. ಅದನ್ನು ಹತ್ತಿರದಿಂದ ನೋಡೋಣ.

ಬ್ಲಾಕ್ ಮಟ್ಟದ ಎಕ್ಸ್‌ಚೇಂಜಿನಲ್ಲಿ ಬೆಳಕು ಕಳಿಸುವ ಪೆಟ್ಟಿಗೆ ಓಎಲ್‌ಟಿ, ಪಂಚಾಯಿತಿ ಕಚೇರಿಯಲ್ಲಿ ಅದನ್ನು ಪಡೆಯುವ ಪೆಟ್ಟಿಗೆ ಓಎನ್‌ಟಿ, ನಡುವೆ ಬೆಳಕನ್ನು ಹಂಚುವ ಸ್ಪ್ಲಿಟರ್. ಜಿಪಾನ್ ಎನ್ನುವ ಈ ವ್ಯವಸ್ಥೆಯಲ್ಲಿ ಸಾಮಾನ್ಯವಾಗಿ 28 ಡಿಬಿ (ಡೆಸಿಬೆಲ್, ಬೆಳಕು ಎಷ್ಟು ಕುಂದಿತು ಎಂಬುದರ ಅಳತೆ) ನಷ್ಟದವರೆಗೆ ಬೆಳಕು ಓದಲು ಬರುತ್ತದೆ. 20 ಕಿಲೋಮೀಟರ್ ದೂರ, ಕಿಲೋಮೀಟರಿಗೆ 0.35 ಡಿಬಿ, ಅಂದರೆ 7. ಎಂಟು ಕಡೆ ಹಂಚುವ ಸ್ಪ್ಲಿಟರ್ ಸುಮಾರು 10.5. ಕನೆಕ್ಟರ್‌ಗಳಿಗೆ 2. ಎರಡು ಕಿಲೋಮೀಟರಿಗೊಂದು ಜಾಯಿಂಟ್, ಒಂದೊಂದಕ್ಕೆ 0.1, ಅಲ್ಲಿಗೆ 1. ಒಟ್ಟು 20.5. ಕೈಯಲ್ಲಿ 7.5 ಡಿಬಿ ಉಳಿತಾಯ. ಉದ್ಘಾಟನೆಯ ದಿನ ಎಲ್ಲ ಸರಿ.

ಆಮೇಲೆ ಕುಡಿಯುವ ನೀರಿನ ಪೈಪಿಗೆ ಜೆಸಿಬಿ ಬರುತ್ತದೆ, ರಸ್ತೆ ಅಗಲವಾಗುತ್ತದೆ, ಚರಂಡಿ ತೋಡುತ್ತಾರೆ. ಕೇಬಲ್ 1.65 ಮೀಟರ್ ಆಳದಲ್ಲಿ ಇರಬೇಕು. ಬಂಡೆ ಸಿಕ್ಕ ಕಡೆ ಗುತ್ತಿಗೆದಾರ ಅರ್ಧ ಮೀಟರಿಗೇ ಮುಚ್ಚಿದ್ದರೆ ಮೊದಲ ಬಕೆಟ್ಟಿಗೇ ಕಿತ್ತು ಬರುತ್ತದೆ. ಕಿತ್ತ ಕೇಬಲನ್ನು ಎಳೆದು ಸೇರಿಸಲು ಬರುವುದಿಲ್ಲ, ನಡುವೆ ಹೊಸ ತುಂಡು ಹಾಕಬೇಕು. ಒಂದು ಕಡಿತಕ್ಕೆ ಎರಡು ಜಾಯಿಂಟ್. ಹೊಂಡದ ಪಕ್ಕ, ಧೂಳಿನಲ್ಲಿ, ಫೈಬರ್ ಎಳೆಯ ತುದಿಯನ್ನು ಸ್ಪಿರಿಟ್‌ನಿಂದ ಸರಿಯಾಗಿ ಒರೆಸದೆ, ಎಳೆ ಕತ್ತರಿಸುವ ಕ್ಲೀವರಿನ ಅಲಗು ಹಳೆಯದಾಗಿದ್ದರೆ 0.1 ಆಗಬೇಕಾದ ನಷ್ಟ 0.4 ಆಗುತ್ತದೆ. ಹತ್ತು ಕಡಿತ, ಇಪ್ಪತ್ತು ಜಾಯಿಂಟ್, 8 ಡಿಬಿ. ಉಳಿತಾಯ ಮುಗಿಯಿತು. ಈಗ ಕೇಬಲ್ ತುಂಡಾಗಿಲ್ಲ, ಆದರೂ ಓಎನ್‌ಟಿಯಲ್ಲಿ ಕೆಂಪು ದೀಪ. ಕಾಗದದಲ್ಲಿ ಪಂಚಾಯಿತಿಗೆ ಫೈಬರ್ ಇದೆ, ಊರಿನಲ್ಲಿ ನೆಟ್ ಇಲ್ಲ. ಕೆಲವು ದಾರಿಗಳಲ್ಲಿ ಬ್ಲಾಕಿನಿಂದ ಅರ್ಧದವರೆಗೆ ಬಿಎಸ್‌ಎನ್‌ಎಲ್‌ನ ಹಳೆಯ ಫೈಬರನ್ನೇ ಬಳಸಿದ್ದರು, ಅದರಲ್ಲಿ ಹಳೆಯ ಜಾಯಿಂಟ್‌ಗಳು ಮೊದಲೇ ತುಂಬಿದ್ದವು. ಸಾಲಾಗಿ ಹಾಕಿದ ಲೈನ್ ಆದ್ದರಿಂದ ಒಂದು ಕಡೆ ಕಡಿದರೆ ಮುಂದಿನ ಊರುಗಳೆಲ್ಲ ಕತ್ತಲು.

ಇದಕ್ಕೆ ಹಣದ ಕೊರತೆ ಕಾರಣವಾಗಿರಲಿಲ್ಲ. ಹಾಕಿದ ಕಿಲೋಮೀಟರಿಗೆ ಬಿಲ್ ಪಾಸಾಗುತ್ತಿತ್ತು, ಚಾಲೂ ಇರುವ ದಿನಗಳಿಗೆ ಯಾರಿಗೂ ಸಂಬಳ ಇರಲಿಲ್ಲ. ಬೆಂಗಳೂರಿನ ಕೇಬಲ್ ಹುಡುಗ ರಾತ್ರಿ ಹತ್ತಕ್ಕೆ ಏಣಿ ಹಿಡಿದು ಬರುವುದು, ಬಾರದಿದ್ದರೆ ತಿಂಗಳ ಕೊನೆಗೆ ಆ ಬೀದಿ ಇನ್ನೊಬ್ಬನ ಪಾಲಾಗುತ್ತದೆ ಎಂಬುದಕ್ಕೆ. ಆ ಅವಸರವನ್ನು ಸರ್ಕಾರದ ಒಪ್ಪಂದದೊಳಗೆ ತರುವುದು ಹೇಗೆ? 2023ರ ಆಗಸ್ಟ್‌ನಲ್ಲಿ 1,39,579 ಕೋಟಿ ರೂಪಾಯಿಗೆ ಒಪ್ಪಿಗೆ ಪಡೆದ ತಿದ್ದುಪಡಿ ಭಾರತ್‌ನೆಟ್‌ನಲ್ಲಿ ಆ ಪ್ರಯತ್ನ ಕಾಣುತ್ತದೆ: ಸಾಲಿನ ಬದಲು ಉಂಗುರದ ಜೋಡಣೆ, ಕಟ್ಟಿದವನೇ ಹತ್ತು ವರ್ಷ ನಡೆಸಿ ನಿರ್ವಹಿಸುವ ಷರತ್ತು, ಮನೆ ಸಂಪರ್ಕಕ್ಕೆ ಊರಿನ ಹುಡುಗರೊಡನೆ ಆದಾಯ ಹಂಚಿಕೆ. ಉಂಗುರ ಇದ್ದರೆ ಒಂದು ಕಡಿತಕ್ಕೆ ಟ್ರಾಫಿಕ್ ಇನ್ನೊಂದು ದಿಕ್ಕಿನಿಂದ ಬರುತ್ತದೆ. ಆದರೆ ಉಂಗುರದ ಎರಡೂ ಬದಿ ಒಂದೇ ರಸ್ತೆಯ ಒಂದೇ ಟ್ರೆಂಚಿನಲ್ಲಿ ಹೋದರೆ ಅದು ನಕ್ಷೆಯ ಮೇಲಿನ ಉಂಗುರ ಮಾತ್ರ.

ಸಾರ್ವಜನಿಕ ವೈಫೈ ಯೋಜನೆ ಪಿಎಂ-ವಾಣಿಯ ವಿಷಯವೂ ಇಲ್ಲಿ ಬರುತ್ತದೆ. 2020ರ ಡಿಸೆಂಬರ್‌ನಲ್ಲಿ ಬಂದ ಈ ವ್ಯವಸ್ಥೆಯಲ್ಲಿ ಕಿರಾಣಿ ಅಂಗಡಿಯವರೂ ಲೈಸೆನ್ಸ್ ಇಲ್ಲದೆ ವೈಫೈ ಮಾರಬಹುದು, ಅವರನ್ನು ಪಿಡಿಒ ಎನ್ನುತ್ತಾರೆ. ನಮ್ಮ ಪಂಚಾಯಿತಿಯ ಪಿಡಿಒ ಬೇರೆ, ಇದು ಬೇರೆ. ನೀತಿ ಚೆನ್ನಾಗಿತ್ತು. ಆದರೆ ಅಂಗಡಿಯವರಿಗೆ ಮನೆ ದರದ ಸಂಪರ್ಕ ಸಾಲದು, ದುಬಾರಿ ಲೀಸ್ಡ್ ಲೈನ್ ತೆಗೆದುಕೊಳ್ಳಿ ಎಂಬ ಒತ್ತಾಯ ಬಂದದ್ದರಿಂದ ಐದು, ಹತ್ತು ರೂಪಾಯಿಯ ವೈಫೈ ಮಾರಾಟ ಗಿಟ್ಟಲಿಲ್ಲ. 2025ರಲ್ಲಿ ಟ್ರಾಯ್, ಮನೆ ಬ್ರಾಡ್‌ಬ್ಯಾಂಡ್ ದರದ ಎರಡು ಪಟ್ಟಿಗಿಂತ ಹೆಚ್ಚು ಕೇಳಬಾರದು ಎಂದು ಮಿತಿ ಹಾಕಿತು. ಲೈಸೆನ್ಸ್ ತೆಗೆದು ಹಾಕಿದ ದಿನವೇ ಸಗಟು ದರದ ಬಗ್ಗೆ ಒಂದು ಸಾಲು ಬರೆದಿದ್ದರೆ ನಾಲ್ಕೂವರೆ ವರ್ಷ ಉಳಿಯುತ್ತಿತ್ತು.

ನಿಮ್ಮಲ್ಲಿ ಪಂಚಾಯಿತಿ ಸದಸ್ಯರಿದ್ದೀರಿ, ಎಂಜಿನಿಯರಿಂಗ್ ವಿದ್ಯಾರ್ಥಿಗಳಿದ್ದೀರಿ. ಹೊಸ ಲೈನ್ ನಿಮ್ಮೂರಿಗೆ ಬಂದಾಗ ಸಹಿ ಹಾಕುವ ಮೊದಲು ಇಷ್ಟು ಕೇಳಿ ಪಡೆಯಿರಿ. ಪ್ರತಿ ಎಳೆಯ ಓಟಿಡಿಆರ್ (ಬೆಳಕು ಎಲ್ಲಿ ಎಷ್ಟು ಕುಂದುತ್ತದೆ ಎಂದು ತೋರಿಸುವ ಉಪಕರಣ) ವರದಿ, ಎರಡೂ ತುದಿಯಿಂದ ತೆಗೆದದ್ದು. ಒಂದೇ ತುದಿಯಿಂದ ತೆಗೆದರೆ ಜಾಯಿಂಟಿನ ನಷ್ಟ ತಪ್ಪು ತೋರಿಸುತ್ತದೆ. ಓಎನ್‌ಟಿಗೆ ಬರುವ ಬೆಳಕಿನ ಅಳತೆ, ಪವರ್ ಮೀಟರ್‌ನಲ್ಲಿ ನಿಮ್ಮೆದುರೇ. ಅದನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು ಪ್ರತಿ ದುರಸ್ತಿಯ ನಂತರ ಮತ್ತೆ ಅಳೆಸಿ, ಸಂಖ್ಯೆ ಕುಸಿಯುತ್ತಾ ಹೋದರೆ ಕೆಂಪು ದೀಪ ಬರುವ ಮೊದಲೇ ಗೊತ್ತಾಗುತ್ತದೆ. ಕೇಬಲ್ ಹಾಯ್ದ ದಾರಿಯ ನಕ್ಷೆಯ ಒಂದು ಪ್ರತಿ ನೀರಿನ ಪೈಪಿನ ಕೆಲಸ ನೋಡುವವರ ಕೈಯಲ್ಲೂ ಇರಲಿ. ಬ್ಯಾಟರಿ ಎಷ್ಟು ಗಂಟೆ ನಿಲ್ಲುತ್ತದೆ ಎಂದು ಮೇನ್ ಸ್ವಿಚ್ ಆಫ್ ಮಾಡಿಸಿ ನೋಡಿ. ಸಂಜೆ ಕಚೇರಿಗೆ ಬೀಗ ಬಿದ್ದಮೇಲೆ ಓಎನ್‌ಟಿ ಇರುವ ಕೋಣೆಯ ಬೀಗದಕೈ ಯಾರ ಹತ್ತಿರ ಇರುತ್ತದೆ ಎಂಬುದನ್ನು ಅವತ್ತೇ ತೀರ್ಮಾನ ಮಾಡಿ.